ಹನ್ನೆರಡು ಮೀಟರ್ ವಾಯರ್

ಕೆಳಗ ಟೇಪ್ ಡೆಕ್ಕು, ಮ್ಯಾಲಿನ ಕೋಣ್ಯಾಗ ಆಂಪ್ಲಿಫಾಯರು,
ನಡುವ ಹನ್ನೆರಡು ಮೀಟರ್ ವಾಯರು
ಪಾವಟಿಗಿ ಗುಂಟ, ಒಣಗಾಕಿದ ಸೀರಿ ದಾಟಿ ಏರ್ಯದ.
ಅಕ್ಕನ ಪದ ಅಲ್ಲಿಗೆ ಮುಟ್ಟೂದ್ರಾಗ
ತಾಳಕ್ಕ ಯಾರೋ ನಮ್ಮ ಸೊಲ್ಲಾಪುರದ ಚಾದರ ಹೊಚ್ಚಿರತಾರ.

ರಾಜೇಶಂ ಮೀಟರ್ ಹಚ್ಚಿ ನೋಡಿದ,
ಬೀಡಿ ಕಿವಿಗೆ ಸಿಗಿಸಿಕೊಂಡ.
"ನಿಮ್ಮ ಡೆಕ್ಕಿಗಿ ತ್ರಾಣ ಇಲ್ಲ, ಕಾಕಾ.
ಇಷ್ಟುದ್ದ ವಾಯರ್ ಅಂದ್ರ ಒಣಗಿದ ಮಣ್ಣಿದ್ದಂಗ,
ಸಣ್ಣ ಸಣ್ಣ ದನಿ ಎಲ್ಲಾ ಅದೇ ಕುಡದ ಬಿಡ್ತದ.
ನಡುವ ಒಂದು ಬಫರ್ ಹಾಕೋಣ."

ಬಫರ್ ಅಂದ್ರ?
"ಒಂದು ಕೊಟ್ರ ಒಂದೇ ಕೊಡ್ತದ.
ಹೆಚ್ಚಿಲ್ಲ, ಕಡಿಮಿಲ್ಲ.
ಇಸಗೊಳ್ಳಾಕ ಹಗುರ ಕೈ, ಕೊಡಾಕ ಗಟ್ಟಿ ಕೈ."

ನನಗ ನಂಬಿಗಿ ಬರಲಿಲ್ಲ.
ಅಕ್ಕನ ಲಗ್ನದ ಮಾತುಕತಿಗೆ
ಅವರು ಮರಾಠಿ, ನಾವು ಕನ್ನಡ,
ನಡುವ ಕೂತಿದ್ದಾಕಿ ಚಂಪೂಬಾಯಿ.
ನಮ್ಮಪ್ಪ "ನೋಡೋಣ" ಅಂದದ್ದು
ಆ ಕಡಿ ಹೋಗಿ "ಹೂಂ" ಆಗಿತ್ತು.
ಆಕಿಗೂ ಯಾರೋ ಹೇಳಿರಬೇಕು, ಏನೂ ಸೇರಿಸಬ್ಯಾಡ ಅಂತ.

ಎರಡು ದಿನ ಲೆಕ್ಕ ಹಾಕಿದೆ.
ಸಾವಿರದ ಇನ್ನೂರು ರೂಪಾಯಿ, ಮ್ಯಾಲೊಂದು ಪ್ಲಗ್ಗು.
ಮಗ್ಗಲ ಮನಿ ಮಗ್ಗ ಮೊದಲೇ ಗುಂಯ್‌ಗುಡತಾವ,
ಅದರಾಗ ಈ ಡಬ್ಬಿದೂ ಒಂದು ಗುಂಯ್.
ಕಡೀಗೆ ಅಂದೆ: ಮೊದಲ ವಾಯರ್ ಗಿಡ್ಡ ಮಾಡಿ ನೋಡೋಣು.
ತಪ್ಪು ಯಾರದಂತ ಗೊತ್ತಾಗಲಿ.

ಇಬ್ಬರೂ ಆಂಪ್ಲಿಫಾಯರ್ ಹೊತ್ತು ಇಳಿಸಿದಿವಿ, ಬೆನ್ನಿಗೇ ಸ್ಪೀಕರು.
ಮೂರನೇ ಪಾವಟಿಗಿಗೆ ನನ್ನ ಹೆಬ್ಬೆರಳು ಒಡೀತು.
ಡೆಕ್ಕಿನ ಬಗಲಾಗೇ ಇಟ್ಟು, ಗೇಣುದ್ದ ವಾಯರ್ ಹಚ್ಚಿ
ಗುಂಡಿ ಒತ್ತಿದೆ.

ತಾಳ ಚಾದರ ಒದ್ದು ಎದ್ದು ಕೂತಿತು.
ಪೇಟಿಯ ತಿದಿ ಉಸಿರಾಡೂದು ಸೈತ ಕೇಳ್ತು.
ಎರಡನೇ ನುಡಿ ಮುಗಿದ ಮ್ಯಾಲ,
ಇಷ್ಟು ವರ್ಷ ಮ್ಯಾಲ ಕೂತು ಎಂದೂ ಕೇಳದ ಒಂದು ಮಾತು.
ಅಕ್ಕ, ಮಾರಿ ಆ ಕಡಿ ತಿರುವಿ, ಮೆಲ್ಲಗ ಯಾರಿಗೋ:
"ನಳಾ ಬಂತು, ಕೊಡ ಇಡ್ರಿ."

ರಾಜೇಶಂ ಚಟ್ಟನೆ ಎದ್ದ.
ಓಣಿಗೆ ನೀರು ಬಂದು ನಾಲ್ಕು ದಿನ ಆಗಿತ್ತು.
ಅಂಗಳದಾಗ ಕೊಡ ಎತ್ತಿದ ಸಪ್ಪಳ,
ನಳಾ ತಿರುವಿದ ಸಪ್ಪಳ,
ಆಮ್ಯಾಲ ಬರೀ ಗಾಳಿ, ಪುಸ್ ಅಂತ.

ಕ್ಯಾಸೆಟ್ಟಿನ ಮ್ಯಾಲ ಅಕ್ಕನ ಅಕ್ಷರ:
ಶ್ರಾವಣ, ಎಂಬತ್ತೆರಡು.

ಬಫರ್ ಬ್ಯಾಡೋ, ಅಂದೆ.
ಆತ ಇನ್ನೂ ಕೊಡ ಹಿಡಕೊಂಡೇ ನಿಂತಿದ್ದ.