ಎರಡು ಮೀಟರು ಕೆಳಗೆ

ಮೂವತ್ತೊಂದು ವರ್ಷ ನೀರನ್ನು ಆಚೆ ಹಾಕಿದವನು ನಾನು.
ಫ್ರೀಸ್‌ಲ್ಯಾಂಡಿನ ತಗ್ಗುನೆಲ,
ಕಡಲಿಗಿಂತ ಎರಡು ಮೀಟರು ಕೆಳಗೆ;
ಪಂಪು ನಿಂತರೆ ಮೂರೇ ದಿನಕ್ಕೆ
ಹಸುಗಳ ಗೊರಸು ಮುಳುಗುವ ಊರು.
ಮಟ್ಟದ ಕೋಲು ನೋಡು, ಪುಸ್ತಕದಲ್ಲಿ ಬರೆ,
ಹಿಡಿ ತಿರುಗಿಸು, ಮತ್ತೆ ನೋಡು.
ಅಷ್ಟೇ ಕೆಲಸ. ಬೆರಳಗಲ ತಪ್ಪಿರಲಿಲ್ಲ.

ಈಗ ಕಾಲಿಗೇ ಬಂದು ನಿಂತಿದೆ.

ಸಂಜೆ ಕಾಲುಚೀಲ ಕಳಚಿದರೆ ಅಂಚಿನ ಗೆರೆ ಹಾಗೇ ಇರುತ್ತದೆ,
ನೆರೆ ಇಳಿದ ಮೇಲೆ ಗೋಡೆಯಲ್ಲಿ ಉಳಿಯುವಂಥದು.
ಹೆಬ್ಬೆರಳಿಂದ ಒತ್ತುತ್ತೇನೆ. ಗುಳಿ.
ಎಣಿಸುತ್ತೇನೆ: ಹದಿನೆಂಟು, ಹತ್ತೊಂಬತ್ತು...
ನಾದಿದ ಹಿಟ್ಟು ಕೂಡ ಇಷ್ಟು ಹೊತ್ತು ನೆನಪಿಡುವುದಿಲ್ಲ.
"ಒತ್ತಬೇಡ," ಅನ್ನುತ್ತಾಳೆ ಚಿತ್ಸ್ಕೆ, "ಅದೇನು ಕರೆಗಂಟೆಯೇ?"
ಮೀನಖಂಡವೆಂದು ಹೆಸರಿಟ್ಟವರು ಯಾರೋ,
ಮೀನಿಗೆ ನೀರು ಬೇಕೆಂಬುದು ಅದಕ್ಕೆ ತಡವಾಗಿ ನೆನಪಾಗಿದೆ.

ಸಕ್ಕರೆ ಬಿಡಿ ಎಂದರು, ಬಿಟ್ಟೆ.
ಸಿಹಿ ಬಿಟ್ಟವನಿಗೆ ಉಪ್ಪೇ ಹಬ್ಬ ಅಂದುಕೊಂಡೆ:
ಶನಿವಾರದ ಸಂತೆಯಲ್ಲಿ ಈರುಳ್ಳಿ ಉದುರಿಸಿದ ಹೆರಿಂಗ್ ಮೀನು,
ಕೋಟಿನ ಜೇಬಿನಲ್ಲಿ ನಲವತ್ತು ವರ್ಷದಿಂದ
ಚಿಲ್ಲರೆಯೊಡನೆ ಕುಲುಕಾಡುವ ಕರಿಯ ಉಪ್ಪುಬಿಲ್ಲೆ, ಅತಿಮಧುರದ್ದು.
ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ.
ತಿಂದವನು ನಾನು, ಕುಡಿದದ್ದು ಕಾಲು.

ಡಾಕ್ಟರಮ್ಮ ಹಾಳೆಯ ಮೇಲೆ ಮೂತ್ರಪಿಂಡ ಬರೆದರು.
ಸಕ್ಕರೆ ಜರಡಿಯ ಕಣ್ಣು ಸಡಿಲ ಮಾಡಿದೆ, ಅಂದರು.
ಬಾಣದ ಗುರುತು ತಿರುಗುಮುರುಗಾಗಿತ್ತು.
ನಾನೇ ಪೆನ್ನು ತಗೊಂಡು ತಿದ್ದಿದೆ.
ನಕ್ಕರು. ಮಾತ್ರೆ ಮಾತ್ರ ಹಾಗೇ ಬರೆದರು.

ಬೆಳಿಗ್ಗೆ ಏಳೂ ಹತ್ತಕ್ಕೆ ಫದೂವಾಳ ಸೈಕಲ್ಲು.
ಅವಳಿಗೆ ನನ್ನ ಮೇಲೆ ಹನ್ನೆರಡು ನಿಮಿಷದ ಹಕ್ಕು.
ರಬ್ಬರಿನ ಕೈಗವಸು ತೊಟ್ಟು ಬಿಗಿ ಕಾಲುಚೀಲ ಏರಿಸುತ್ತಾಳೆ,
ಸುಕ್ಕು ಬಿಡದೆ, ಹಿಮ್ಮಡಿ ತಪ್ಪದೆ,
ಹಠಮಾರಿ ಕರುವಿಗೆ ಹಗ್ಗ ತೊಡಿಸುವವಳಂತೆ.
"ನಮ್ಮಜ್ಜಿಯ ಊರಲ್ಲಿ ಕತ್ತೆಯ ಮೇಲೆ ನೀರು ತರುತ್ತಿದ್ದರು,
ನಿಮ್ಮಲ್ಲಿ ನೋಡಿ, ಚೆಲ್ಲುವವನಿಗೆ ಸಂಬಳ!"

ಊತಕ್ಕೆ ನಾನು ಹೆದರುವುದಿಲ್ಲ. ಊತ ಕಾಣುತ್ತದೆ.
ಹೋದ ಚಳಿಗಾಲ ಒಂದು ಭಾನುವಾರವಿಡೀ
ಬೂಟಿನೊಳಗೆ ಮೊಳೆಯಿತ್ತು.
ಅದರ ಮೇಲೇ ಎದ್ದು ನಿಂತು ಚರ್ಚಿನಲ್ಲಿ ಹಾಡಿದೆ, ಗಟ್ಟಿಯಾಗಿ.
ರಕ್ತ ಕಂಡವಳು ಚಿತ್ಸ್ಕೆ.
ಪಾದಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ.
ಅಂದಿನಿಂದ ರಾತ್ರಿ ಅಂಗಾಲಿಗೆ ಕನ್ನಡಿ ಹಿಡಿಯುತ್ತೇನೆ,
ನನ್ನದೇ ಮೈಯ ದೂರದ ಪ್ರಾಂತ್ಯವನ್ನು
ಪರಕೀಯನಂತೆ ತಪಾಸಣೆ ಮಾಡುತ್ತ.

ಹಳೆಯ ಅಭ್ಯಾಸದ ಪುಸ್ತಕ ಮತ್ತೆ ತೆರೆದಿದ್ದೇನೆ.
ದಿನಾಂಕ. ತೂಕ. ಕಾರಣ.
ಆಗ ಕಾರಣದ ಕಲಮಿನಲ್ಲಿ ಬರೆಯುತ್ತಿದ್ದೆ:
ವಾಯವ್ಯದ ಗಾಳಿ, ಮಳೆ, ತೂಬಿಗೆ ಸಿಕ್ಕ ಕೊಂಬೆ.
ಈಗ: ಸೂಪು. ಮತ್ತೆ ಸೂಪು. ಚೀಸು (ಒಂದೇ ತುಂಡು).

ಬುಧವಾರ ಮೊಮ್ಮಗ ಯೆಲ್ಟೆಯ ಈಜು ಪರೀಕ್ಷೆ.
ಇಲ್ಲಿನ ಮಕ್ಕಳು ಬಟ್ಟೆ ಬೂಟು ಸಮೇತ ಈಜಿ ತೋರಿಸಬೇಕು,
ಕಾಲುವೆಗೆ ಬಿದ್ದರೆ ಬಟ್ಟೆ ಬಿಚ್ಚಲು ಯಾರೂ ಕಾಯುವುದಿಲ್ಲವಲ್ಲ.
ಮಾತ್ರೆ ನುಂಗಿದರೆ ಮೂರು ಗಂಟೆ ನಾನು ಪಾಯಿಖಾನೆಯ ಸ್ವತ್ತು.
ನುಂಗಲಿಲ್ಲ.
ಬೆಂಚಿನ ಮೇಲೆ ಎರಡು ತುಂಬಿದ ಕೊಡಗಳಂತೆ ಕಾಲಿಟ್ಟು ಕೂತೆ.
ಒದ್ದೆ ಜಾಕೆಟ್ಟು ಎಳೆಯುತ್ತಿತ್ತು ಅವನನ್ನು ಕೆಳಗೆ,
ಬಾಯಿ ಮಾತ್ರ ಮೇಲೆ, ಗಾಳಿಗೆ ತೆರೆದು;
ಬಂದ, ಬಂದ, ಅಂಚು ಹಿಡಿದ.
ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ.

ಗುರುವಾರ. ತೊಂಬತ್ತಾರು ಕಿಲೋ ನಾನೂರು.
ಸುಳ್ಳು ಬರೆದು ಅಭ್ಯಾಸವಿಲ್ಲ.
ಕಾರಣದಡಿ ಬರೆದೆ: ಯೆಲ್ಟೆ.
ಫದೂವಾ ಓದಿದಳು. ಬೈಯಬೇಕಿತ್ತು.
"ಮಾತ್ರೆ?" ಅಂದಳು. ಲೋಟ ಕೊಟ್ಟಳು,
ಅರ್ಧ ತುಂಬಿಸಿ.
ಆಮೇಲೆ ಎಡಗಾಲು ಎತ್ತಿಕೊಂಡಳು ತೊಡೆಯ ಮೇಲೆ.