ಬಾಲದ ರಕ್ತ

ಕಾತ್ರಜ್‌ನಲ್ಲಿ ಬೆಳಗಿನ ಏಳು.
ಸರಳಿನ ಕೆಳಕಿಂಡಿಯಿಂದ ಬಾಲ ಹೊರಬಂತು, ತಾನಾಗಿಯೇ.
ಮೂತಿಯ ಕಡೆ ಭಿಕೋಬಾ, ಇಕ್ಕಳದಲ್ಲಿ ಮಾಂಸದ ಚೂರು,
"ಥಾಂಬ್ ಬಾಯಿ, ಥಾಂಬ್" ಅನ್ನುತ್ತಾ.
ಬಾಲದ ಕಡೆ ನಾನು, ಕೂದಲು ಬೋಳಿಸಿದ
ರೂಪಾಯಿಯಗಲ ಜಾಗದಲ್ಲಿ ನರ ಹುಡುಕುತ್ತಾ.

ಎರಡು ವರ್ಷದ ಹಿಂದೆ ಬಂದೂಕಿನ ಸೂಜಿಗೆ ಬಿದ್ದಾಗ
ಸಕ್ಕರೆ ಇನ್ನೂರ ಮೂವತ್ತು.
ರೋಗವಲ್ಲ ಅದು, ಹೆದರಿಕೆ.
ಇವತ್ತು ನೂರ ಹದಿನೆಂಟು.

ಯಂತ್ರ ಕೇಳುತ್ತದೆ: ನಾಯಿಯೋ, ಬೆಕ್ಕೋ, ಕುದುರೆಯೋ?
ಹುಲಿ ಅದರ ಪಟ್ಟಿಯಲ್ಲಿಲ್ಲ.
ಬೆಕ್ಕು ಅಂತ ಒತ್ತುತ್ತೇನೆ, ಪ್ರತಿ ಸಲವೂ ತುಸು ನಾಚಿ.

ಗಿರಗಿರ ತಿರುಗಿ ಕೆಂಪೆಲ್ಲ ಕೆಳಗಿಳಿದು
ಮೇಲುಳಿದದ್ದು ಒಣಹುಲ್ಲಿನ ಬಣ್ಣದ ನೀರು.
ಅದರಲ್ಲಿ ಪಟ್ಟೆಯಿಲ್ಲ, ಗರ್ಜನೆಯಿಲ್ಲ,
ಕ್ರಿಯಾಟಿನಿನ್ ಇದೆ: ನಾಲ್ಕು ಪಾಯಿಂಟ್ ಆರು.
ಹೋದ ದೀಪಾವಳಿಗೆ ಮೂರಿತ್ತು.

"ಕಿತೀ?" ಅಂದ ಭಿಕೋಬಾ, ಬಾಗಿಲಲ್ಲೇ ನಿಂತು.
ಹೇಳಿದೆ.
ಅವನು ತನ್ನ ರಕ್ತ ತೋರಿಸಿ ಮೂರು ವರ್ಷವಾಯಿತು,
ಬಾ ಅಂದರೆ ನಾಳೆ ಅನ್ನುತ್ತಾನೆ.
ಈಗ ಏನೂ ಅನ್ನಲಿಲ್ಲ. ಬಕೆಟ್ಟಿನ ಮಾಂಸಕ್ಕೆ
ಎರಡು ಚೊಂಬು ನೀರು ಹೆಚ್ಚಿಗೆ ಸುರಿದ.

ಅವಳು ಮೊದಲು ನೀರನ್ನೇ ನೆಕ್ಕಿದಳು.