ಮೂರು ನಿಮಿಷ ತಡೀರಿ

ಹುಬ್ಬಳ್ಳಿ ಡಿಪೋದ ಲಿಲಾವಿನ್ಯಾಗ ಹಿಡಿದ ಬಸ್ಸು,
ಒಂಬತ್ತು ವರ್ಷ ತಾವ ಓಡಿಸಿದ್ದು.
ಸೀಟು ಕಿತ್ತು, ಮಂಚ ಹಾಕಿ, ಒಲಿ ಹೂಡಿ
ಮನಿ ಮಾಡ್ಯಾರ ಶಿವಯೋಗೆಪ್ಪ ಗಾಮನಗಟ್ಟಿಯವರು.
ಒಲಿ ಮ್ಯಾಲೆ ಇನ್ನೂ ಐತಿ ಆ ಅಕ್ಷರ:
'ಚಿಲ್ಲರೆ ಕೊಟ್ಟು ಸಹಕರಿಸಿ.'

ನಿನ್ನೆ ರಾತ್ರಿ ಶಿಗ್ಗಾಂವಿ ಹತ್ರ ಯಾವುದೋ ಧಾಬಾದಾಗ
ಪ್ಲಗ್ ಹಾಕಿದ್ದಷ್ಟ.
ಟಿವಿ ಹೋತು, ಚಾರ್ಜರ್ ಹೋತು,
ಫ್ಯಾನು ಹುಚ್ಚು ಹಿಡಿದಂಗ ತಿರುಗಿ
ಸುಟ್ಟ ವಾಸನಿ ಬಿಟ್ಟು ನಿಂತಿತು.
ಫ್ರಿಜ್ಜಿನ್ಯಾಗ ಬಸಲಿಂಗವ್ವಾರ ಇನ್ಸುಲಿನ್ ಇತ್ತು.
ಅದನ್ನ ಹಸೀ ಅರಿವ್ಯಾಗ ಸುತ್ತಿ, ಗಡಿಗ್ಯಾಗ ಇಟ್ಟು,
ಗಡಿಗಿ ತೊಡಿ ಮ್ಯಾಲೆ ಇಟ್ಕೊಂಡು
ಗದಗಿಗೆ ಬಂದಾರ, ನನ್ನ ಅಂಗಡಿಗೆ.
"ಮಿಸ್ತ್ರಿ ಎಲ್ಲ್ಯಾನವಾ?"
"ನಾನ ರೀ. ಮಾಬೂಬಿ ನದಾಫ."

ಅಲ್ಲಿ ನ್ಯೂಟ್ರಲ್ ಸಡಿಲಾಗಿರಬೇಕ್ರಿ, ಅಂದ್ನಿ.
ಇನ್ನೂರಾ ಮೂವತ್ತು ಬರೂ ಕಡೆ
ನಾಕನೂರರ ಹತ್ರ ಬಂದು ಬಡದಿರತೈತಿ.
ಪರ ಊರಿನ ನೀರಿದ್ದಂಗ ಪರ ಊರಿನ ಕರೆಂಟು,
ನಾಲಿಗಿ ತುದಿಗೆ ಹಚ್ಚಿ ನೋಡಿನ ಕುಡೀಬೇಕು.
(ನಾಲಿಗಿ ಹಚ್ಚಗಿಚ್ಚೀರಿ ಮತ್ತ. ಮೀಟರ್ ಹಚ್ಚರಿ.)

ನಮ್ಮಪ್ಪ ಅರಳಿ ಹಿಂಜತಿದ್ದ.
ಬಿಲ್ಲಿನ ತಂತಿ ಬಿಗಿದು, ಒಮ್ಮೆ ಮೀಟಿ,
ಹತ್ತಿಗೆ ತಾಗಿಸೂ ಮೊದಲು ಕಿವಿಗೊಟ್ಟು ಕೇಳತಿದ್ದ.
ಸಡಿಲಿದ್ರ ಅರಳಿ ಗಂಟು ಕಟ್ಟತೈತಿ.
ಬಿಗಿ ಹೆಚ್ಚಾದ್ರ ತಂತಿನ ಹರೀತೈತಿ,
ಹಂಗ ಹರದು ಒಮ್ಮೆ ಅವನ ಹುಬ್ಬು ಸೀಳಿತ್ತು.
ನಾನೂ ತಂತಿ ಕೆಲಸದಾಕಿನ.
ಕೇಳೂದನ್ನ ಬಿಟ್ಟಿಲ್ಲ.

ಡ್ರೈವರ್ ಸೀಟಿನ ಹಿಂದ, ಔಷಧದ ಪೆಟ್ಟಿಗಿ ಇದ್ದ ಜಾಗಾದಾಗ
ಡಬ್ಬಿ ಕೂಡಿಸಿದ್ನಿ.
ಹೆಚ್ಚು ಬಂದ್ರ ಕಡೀತೈತಿ, ಕಡಿಮಿ ಬಂದ್ರೂ ಕಡೀತೈತಿ.
ಅವರ ತೆಳ್ಳನ್ನ ವೈರು, ಅರಿವಿ ಒಣಹಾಕಾಕ ಇಟ್ಕೋರಿ ಅಂತ
ಮಡಚಿ ಕೊಟ್ನಿ.

ಸಂಜಿಕಡೆ ಡೋಣಿ ದಾರಿಗುಂಟ ಗುಡ್ಡದ ಬುಡಕ್ಕ ಹೋದ್ವಿ.
ದ್ಯಾಮನಗೌಡರ ಹೊಲದ ಬದುವಿಗೆ
ಬಂದ ಗಾಡಿಗಳಿಗಂತ ಒಂದು ಕಂಬ,
ಕಂಬಕ್ಕ ಪೆಟ್ಟಿಗಿ, ಪೆಟ್ಟಿಗ್ಯಾಗ ಹಲ್ಲಿ ಮೊಟ್ಟಿ.
ಅರ್ಥಿಂಗಿಗೆ ಬಲ್ಬ್ ಹಿಡಿದ್ರ ಮಿಣಿಮಿಣಿ.
ಎರಡು ಕೊಡ ನೀರು, ಒಂದು ಹಿಡಿ ಉಪ್ಪು ಹಾಕಿಸಿದ್ನಿ ತೆಗ್ಗಿಗೆ.
ಒಣಗಿದ ಭೂಮಿ ಯಾರ ಸಿಟ್ಟನ್ನೂ ನುಂಗೂದಿಲ್ಲ.
ಬಲ್ಬ್ ಬೆಳ್ಳಗಾತು.

ಕಪ್ಪತಗುಡ್ಡದ ನೆತ್ತಿ ಮ್ಯಾಲೆ
ಗಾಳಿಯಂತ್ರ ಸಾಲಾಗಿ ತಿರಗತಿದ್ವು, ಪುರುಸೊತ್ತಿಲೆ.
ಕೆಳಗ ನನ್ನ ಮೀಟರಿನ್ಯಾಗ ನೂರಾ ಅರವತ್ತೆಂಟು.
"ಅಲ್ಲೇ ಹುಟ್ಟತೈತಿ, ಇಲ್ಲೇ ಇಲ್ಲ," ಅಂದ್ರು ಬಸಲಿಂಗವ್ವಾರು.

ಪ್ಲಗ್ ಹಾಕಿದ್ನಿ.
ಡಬ್ಬಿ ಕೆಂಪು ದೀಪ ಹಚ್ಚಿಕೊಂಡು ಸುಮ್ಮನ ಕುಂತಿತು.
"ಹೊಸಾದ ಕೆಟ್ಟೈತೇನವಾ?"
"ಇಲ್ರಿ, ಬ್ಯಾಡ ಅನ್ನಾಕತ್ತೈತಿ.
ತುಂಬಿದ ಬಸ್ಸಿಗೆ ಜೋತು ಬೀಳೋರಿಗೆ ನೀವು ಅಂತಿದ್ರಲ್ಲ, ಹಂಗ."
"ನಾ ಎಲ್ಲಿ ಅಂತಿದ್ನಿ? ಅನ್ನಾಂವ ಕಂಡಕ್ಟರ್.
ನಾ ಎಲ್ಲಾರ್ನೂ ಹತ್ತಿಸಿಕೊಂತಿದ್ನಿ."
"ಅದಕ್ಕ ಟಿವಿ ಸುಟ್ಟಿತು," ಅಂದ್ರು ಬಸಲಿಂಗವ್ವಾರು.

ಕತ್ತಲಾತು. ಬ್ಯಾಟರಿ ಮ್ಯಾಲೆ ಒಂದ ದೀಪ.
ರೊಟ್ಟಿ, ಶೇಂಗಾ ಹಿಂಡಿ ತಿಂದ್ವಿ.
ಎಂಟರ ಸುಮಾರು ಒಂದೊಂದ ಪಂಪ್‌ಸೆಟ್ ಬಂದಾದ್ವು
ಹೊಲ ಹೊಲದಾಗ.
ನೂರಾ ತೊಂಬತ್ತು. ಇನ್ನೂರಾ ಹತ್ತು.
ಇನ್ನೂರಾ ಇಪ್ಪತ್ತನಾಕಕ್ಕ ಬಂದು ನಿಂತಿತು.
"ಬಂತಲ್ಲ! ಹಾಕವಾ!"
"ತಡೀರಿ, ಅದು ಮೂರು ನಿಮಿಷ ಎಣಸತೈತಿ.
ಕರೆಂಟಿನ ಮೊದಲ ಮಾತು ಖರೆ ಇರೂದಿಲ್ಲ."

ಮೂರು ನಿಮಿಷ ಎಷ್ಟು ಉದ್ದ ಇರತೈತಂತ
ಅವತ್ತ ತಿಳೀತು ನನಗೂ.
ಶಿವಯೋಗೆಪ್ಪನವರು ಸುಮ್ಮನ ಸ್ಟೇರಿಂಗ್ ಹಿಡಕೊಂಡು ಕುಂತ್ರು.
ಮ್ಯಾಲೆ ಗಾಳಿಯಂತ್ರ ಹೂಂ, ಹೂಂ ಅಂತಿದ್ವು,
ಅಪ್ಪನ ಬಿಲ್ಲು ಮೀಟಿದ ಮ್ಯಾಲೆ
ಮನ್ಯಾಗ ಉಳೀತಿದ್ದ ದನಿ ಹಂಗ.

ಟಕ್.
ಫ್ರಿಜ್ಜು ಒಮ್ಮೆ ನಡುಗಿ ಗುಂಯ್ ಅಂದಿತು.
"ಇಡ್ರಿ ಒಳಗ," ಅಂದ್ನಿ.
ಬಸಲಿಂಗವ್ವಾರು ಗಡಿಗಿ ಬಿಡಲಿಲ್ಲ.
"ತಡೀ," ಅಂದ್ರು,
"ನಾನೂ ಒಂದು ಮೂರು ನಿಮಿಷ ನೋಡತೀನಿ."